ಬೆಂಗಳೂರಿನ ಕೆಲಸ, ಕಾಸರಗೋಡಿನ ಮನೆ: ಪೇಟೆಯಲ್ಲಿ ಇರುವುದಾ, ತೋಟದ ಮನೆಯಲ್ಲಾ, ಮಂಗಳೂರಲ್ಲಾ?

ಪೆರ್ಲದವ

ಎಲ್ಲರಿಗೂ ನಮಸ್ಕಾರ. ನನ್ನದು ಬೆಂಗಳೂರಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಇನ್ನು ಮುಂದೆ ಎಲ್ಲಿ ಬೇಕಾದರೂ ಕೂತು ಮಾಡಬಹುದು ಅಂತ ಬರೆದೇ ಕೊಟ್ಟಿದ್ದಾರೆ. ಆಗೊಮ್ಮೆ ಈಗೊಮ್ಮೆ ಆಫೀಸಿಗೆ ಹೋಗಿ ಮುಖ ತೋರಿಸಿದರೆ ಸಾಕು. ಹೆಂಡತಿ ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುತ್ತಾಳೆ. ಅವಳದ್ದು ತಿಂಗಳ ಸಂಬಳ ಅಲ್ಲ, ಮಾಡಿದ ಕೆಲಸಕ್ಕೆ ಹಣ. ಮಗಳಿಗೆ ಬರುವ ಜೂನ್‌ಗೆ ಒಂದನೇ ಕ್ಲಾಸು. ಅಪ್ಪ ಅಮ್ಮ ಪೆರ್ಲದ ಹತ್ತಿರ ತೋಟದ ಮನೆಯಲ್ಲಿ ಇಬ್ಬರೇ ಇದ್ದಾರೆ.

ಊರಿನ ಕಡೆ ಬರುವುದು ಖಂಡಿತ. ಎಲ್ಲಿ ಇರುವುದು ಅನ್ನುವುದೇ ತಲೆಬಿಸಿ. ತೋಟದ ಮನೆಗೇ ಹೋಗಿಬಿಡುವುದಾ? ಕಾಸರಗೋಡು ಪೇಟೆಯಲ್ಲಿ, ವಿದ್ಯಾನಗರ ಅಥವಾ ಬೀರಂತಬೈಲು ಕಡೆ ಬಾಡಿಗೆ ಮನೆ ಹಿಡಿಯುವುದಾ? ಇಲ್ಲ ಮಂಗಳೂರಾ? ಬೆಂಗಳೂರಿನ ಗೆಳೆಯರೆಲ್ಲ ಕೇಳುವುದು ಒಂದೇ, ಅಲ್ಲಿ ನೆಟ್ ಸಿಗುತ್ತದಾ ಅಂತ. ಸಿಗುತ್ತದೆ, ಅದು ನನಗೂ ಗೊತ್ತು. ಅಲ್ಲಿ ಕೂತು ಈಗಾಗಲೇ ಕೆಲಸ ಮಾಡುತ್ತಿರುವವರು ದಿನನಿತ್ಯ ಎಲ್ಲಿ ಒದ್ದಾಡುತ್ತೀರಿ ಅನ್ನುವುದನ್ನು ಹೇಳಿ.

ಸೀತಾಂಗೋಳಿ

ತೋಟದ ಮನೆಗೇ ಬನ್ನಿ ಮಾರಾಯ್ರೆ. ಬಾಡಿಗೆ ಇಲ್ಲ, ತರಕಾರಿ ಇದೆ, ಅಮ್ಮನ ನೀರುದೋಸೆ ಇದೆ.

ಆದರೆ ಒಂದು ಹೇಳಿಬಿಡುತ್ತೇನೆ. ಊರಲ್ಲಿ ನಿಮ್ಮ ಕೆಲಸಕ್ಕೆ "ಮನೆಯಲ್ಲೇ ಇದ್ದಾನಲ್ಲ" ಅಂತ ಹೆಸರು. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗದ ಮದ್ದು ಬಿಡಬೇಕು. ಮೈಲುತುತ್ತು, ಸುಣ್ಣ ಕಲಸಿ ಬೋರ್ಡೋ ದ್ರಾವಣ ಮಾಡಿಟ್ಟುಕೊಂಡರೆ ಅದನ್ನು ನಾಳೆಗೆ ಇಡುವ ಹಾಗಿಲ್ಲ, ಆವತ್ತೇ ಮುಗಿಸಬೇಕು. ಮದ್ದು ಬಿಡುವವರು ಬರುವುದು ಮಳೆ ಬಿಟ್ಟ ದಿನ. ಮಳೆ ಯಾವಾಗ ಬಿಡುತ್ತದೆ ಅಂತ ನಿಮ್ಮ ಮ್ಯಾನೇಜರಿಗೆ ಒಂದು ವಾರ ಮೊದಲೇ ಹೇಳಲು ಆಗುತ್ತದಾ? ಜನ ಬಂದಾಗ ಅಪ್ಪ ಕರೆಯುತ್ತಾರೆ, ನೀವು ಹೆಡ್‌ಫೋನ್ ಹಾಕಿಕೊಂಡು ಕೈಸನ್ನೆ ಮಾಡುತ್ತೀರಿ, ಅವರು ಪಂಪು ಎಳೆಯಲು ತಾವೇ ಹೋಗುತ್ತಾರೆ. ಆಮೇಲೆ ಆ ದಿನವಿಡೀ ನಿಮಗೆ ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ. ಇದು ನಮ್ಮ ಮನೆಯಲ್ಲಿ ಪ್ರತಿ ಮಳೆಗಾಲದ ಕತೆ.

ನೂಲು_ನೆಟ್

ನಾನು ಬದಿಯಡ್ಕ ಕಡೆ ಕೇಬಲ್ ಮತ್ತು ಫೈಬರ್ ಕೆಲಸದಲ್ಲಿದ್ದೇನೆ. ನೆಟ್ ಸಿಗುತ್ತದಾ ಅಂತ ಕೇಳುವ ಕಾಲ ಹೋಯಿತು. ಬಿಎಸ್‌ಎನ್‌ಎಲ್ ಫೈಬರ್ ಉಂಟು, ಊರಿನ ಕೇಬಲಿನವರದ್ದು ಉಂಟು, 2023ರ ಜೂನ್‌ನಿಂದ ಕೇರಳ ಸರ್ಕಾರದ ಕೆ-ಫೋನ್ ಕೂಡ ಉಂಟು. ಕೇಳಬೇಕಾದ ಪ್ರಶ್ನೆ ಬೇರೆ.

ಮೊದಲನೆಯದು, ಕರೆಂಟು ಹೋದಾಗ ಏನು? ನಿಮ್ಮ ಮನೆಯಲ್ಲಿ ಇನ್ವರ್ಟರ್ ಇರಬಹುದು. ಫೈಬರ್ ಹೊರಡುವ ಜಾಗದಲ್ಲಿ ಓಎಲ್‌ಟಿ ಅಂತ ಒಂದು ಪೆಟ್ಟಿಗೆ ಇರುತ್ತದೆ. ಅಲ್ಲಿಂದ ನಿಮ್ಮ ಮನೆವರೆಗೆ ಮಧ್ಯದಲ್ಲಿ ಬರುವ ಸ್ಪ್ಲಿಟರಿಗೆ ಕರೆಂಟೇ ಬೇಡ, ಅದು ಬೆಳಕನ್ನು ಸುಮ್ನೆ ಹಂಚುತ್ತದೆ. ಹಾಗಾಗಿ ಎರಡು ತುದಿಯಲ್ಲಿ ಕರೆಂಟು ಇದ್ದರೆ ಸಾಕು. ನಿಮ್ಮ ತುದಿ ನಿಮ್ಮ ಕೈಯಲ್ಲಿದೆ. ಆ ತುದಿ? ಎಕ್ಸ್‌ಚೇಂಜಿನಲ್ಲಿದ್ದರೆ ದೊಡ್ಡ ಬ್ಯಾಟರಿ ಇರುತ್ತದೆ. ಯಾವುದೋ ಅಂಗಡಿಯ ಮಹಡಿಯಲ್ಲಿ ಸಣ್ಣ ಯುಪಿಎಸ್ ಮೇಲೆ ಇದ್ದರೆ ಸ್ವಲ್ಪ ಹೊತ್ತಿನ ನಂತರ ಅದೂ ಮಲಗುತ್ತದೆ. ಸಂಪರ್ಕ ತೆಗೆದುಕೊಳ್ಳುವ ಮೊದಲು "ನಿಮ್ಮ ಓಎಲ್‌ಟಿ ಎಲ್ಲಿದೆ, ಎಷ್ಟು ಗಂಟೆ ಬ್ಯಾಟರಿ" ಅಂತ ಕೇಳಿ. ಉತ್ತರ ತಡವರಿಸಿದರೆ ಅರ್ಥ ಮಾಡಿಕೊಳ್ಳಿ.

ಎರಡನೆಯದು, ಎರಡು ಲೈನ್ ತೆಗೆದುಕೊಳ್ಳುವವರು ಎರಡು ಕಂಪನಿ ಅಂತ ನಿಶ್ಚಿಂತೆಯಿಂದ ಇರಬೇಡಿ. ಎರಡೂ ಅದೇ ಕೆಎಸ್‌ಇಬಿ (ಕೇರಳದ ವಿದ್ಯುತ್ ಮಂಡಳಿ) ಕಂಬದ ಮೇಲೆ ಬರುತ್ತವೆ. ಒಂದು ತೆಂಗಿನ ಮಡಲು ಬಿದ್ದರೆ ಎರಡೂ ಒಟ್ಟಿಗೆ ಕಡಿಯುತ್ತವೆ. ಒಂದು ಫೈಬರ್, ಇನ್ನೊಂದು ಮೊಬೈಲ್ ಸಿಗ್ನಲಿನಿಂದ ಬರುವುದು, ಹೀಗೆ ಇಟ್ಟುಕೊಳ್ಳಿ.

ಮೂರನೆಯದು ಸಿಡಿಲು. ಏಪ್ರಿಲ್–ಮೇ ಸಂಜೆ, ಮತ್ತೆ ಅಕ್ಟೋಬರ್–ನವೆಂಬರ್. ಫೈಬರ್ ಗಾಜು, ಸಿಡಿಲು ಬರುವುದಿಲ್ಲ ಅಂತ ಜನ ಹೇಳುತ್ತಾರೆ. ಗಾಜಿನಲ್ಲಿ ಬರುವುದಿಲ್ಲ, ನಿಜ. ಆದರೆ ಕಂಬದಿಂದ ಮನೆಗೆ ಎಳೆಯುವ ಕೆಲವು ಕೇಬಲುಗಳ ಬದಿಗೆ ಒಂದು ಉಕ್ಕಿನ ತಂತಿ ಇರುತ್ತದೆ, ಭಾರ ಹೊರಲಿಕ್ಕೆ. ಅದನ್ನು ಗೋಡೆಯ ಹೊರಗೇ ಕತ್ತರಿಸಿ ಬಿಡಬೇಕು. ಅವಸರದ ಹುಡುಗರು ಅದನ್ನು ಕಿಟಕಿಯ ಸರಳಿಗೆ ಸುತ್ತಿ ಒಳಗೆ ತಂದುಬಿಡುತ್ತಾರೆ. ಲೈನ್ ಹಾಕುವ ದಿನ ನೀವೇ ನಿಂತು ನೋಡಿ. ಗುಡುಗು ಶುರುವಾದರೆ ಅಡಾಪ್ಟರ್ ಕಳಚಿ.

ಇನ್ನೊಂದು. ನಿಮ್ಮ ಮನೆಯ ನೆಟ್ ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿನುಗಿದರೆ ಬೆಳಕೇ ಬರುತ್ತಿಲ್ಲ ಅಂತ. ಹಸಿರು ಇದ್ದೂ ಮೀಟಿಂಗ್ ಕಡಿಯುತ್ತಿದ್ದರೆ ಬಂದವರಲ್ಲಿ ಮೀಟರ್ ಹಿಡಿಸಿ. ಡಿಬಿಎಂ ಅಂದರೆ ಬರುವ ಬೆಳಕಿನ ಬಲದ ಅಳತೆ, ಅದು ಮೈನಸ್ 20ರ ಆಸುಪಾಸು ಇದ್ದರೆ ಆರಾಮ. ಮೈನಸ್ 27, 28 ಅಂದರೆ ಎಲ್ಲೋ ಕೇಬಲ್ ಬಾಗಿದೆ ಅಥವಾ ಜೋಡಣೆ ಕೆಟ್ಟಿದೆ. "ಸರ್ವರ್ ಪ್ರಾಬ್ಲಂ" ಅಂತ ಹೇಳಿ ಹೋಗಲು ಬಿಡಬೇಡಿ.

ಪೆರ್ಲದವ

ನೂಲು ಅಣ್ಣ, ಇಷ್ಟು ವಿವರ ಯಾರೂ ಹೇಳಿರಲಿಲ್ಲ. ನಮ್ಮ ಮನೆ ಮುಖ್ಯರಸ್ತೆಯಿಂದ ಒಳಗೆ, ಗುಡ್ಡ ಇಳಿದು. ಅಷ್ಟು ದೂರ ಫೈಬರ್ ಎಳೆದರೆ ವೇಗ ಕಮ್ಮಿ ಆಗುವುದಿಲ್ಲವಾ?

ನೂಲು_ನೆಟ್

ಇಲ್ಲ. ಈ ತಾಂತ್ರಿಕತೆ 20 ಕಿಲೋಮೀಟರ್‌ವರೆಗೂ ಲೆಕ್ಕ ಹಾಕಿ ಮಾಡಿದ್ದು. ದೂರದಿಂದ ವೇಗ ಕಮ್ಮಿಯಾಗುತ್ತಿದ್ದದ್ದು ಹಳೇ ತಾಮ್ರದ ತಂತಿಯಲ್ಲಿ. ದೂರ ಜಾಸ್ತಿಯಾದಷ್ಟು ತೊಂದರೆ ಬೇರೆ ರೀತಿ: ದಾರಿಯಲ್ಲಿ ಮರ ಜಾಸ್ತಿ, ಅಳಿಲು ಜಾಸ್ತಿ. ಕಡಿದದ್ದು ಎಲ್ಲಿ ಅಂತ ಹುಡುಕಲು ಹೋಗುವ ಹುಡುಗ ಒಬ್ಬನೇ. ಗಾಳಿಮಳೆಯ ಮರುದಿನ ಅವನ ಕೈಯಲ್ಲಿ ಉದ್ದದ ಪಟ್ಟಿ ಇರುತ್ತದೆ. ಪೇಟೆಯ ಮನೆಗಳು ಮೊದಲು, ನಿಮ್ಮ ಗುಡ್ಡದ ಕೆಳಗಿನದ್ದು ಕೊನೆಗೆ. ಅನ್ಯಾಯ ಅಂತ ಅನಿಸಬಹುದು, ಒಂದು ಕಡಿತ ಸರಿ ಮಾಡಿದರೆ 30 ಮನೆ ಸರಿಹೋಗುವ ಕಡೆಗೆ ನಾನೂ ಮೊದಲು ಹೋಗುತ್ತೇನೆ.

ಮುಳ್ಳೇರಿಯ_ಮಳೆ

ಕರೆಂಟಿನ ಲೆಕ್ಕ ನಾನು ಹೇಳುತ್ತೇನೆ.

150 ಎಎಚ್ ಬ್ಯಾಟರಿ ಒಂದು ಅಂದರೆ ಕಾಗದದ ಮೇಲೆ 1800 ವಾಟ್–ಅವರ್. ಇನ್ವರ್ಟರ್ ತಿನ್ನುವುದು, ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಬಾರದು ಅನ್ನುವುದು, ಎಲ್ಲ ಕಳೆದರೆ ಕೈಗೆ ಬರುವುದು ಮೂರನೇ ಎರಡರಷ್ಟು. ಲ್ಯಾಪ್‌ಟಾಪ್, ಒಂದು ಮಾನಿಟರ್, ನೆಟ್ ಪೆಟ್ಟಿಗೆ, ಒಂದು ಬಲ್ಬು, ಕಮ್ಮಿ ಕರೆಂಟು ತಿನ್ನುವ ಒಂದು ಬಿಎಲ್‌ಡಿಸಿ ಫ್ಯಾನ್ ಹಾಕಿದರೆ 140 ವಾಟ್ ಆಸುಪಾಸು. ಏಳೆಂಟು ಗಂಟೆ ಹೋಗುತ್ತದೆ. ಹಳೇ ಫ್ಯಾನ್ ಇದ್ದರೆ ಅದೊಂದೇ ಎರಡು ಪಾಲು ಜಾಸ್ತಿ ತಿನ್ನುತ್ತದೆ, ಮೊದಲು ಅದನ್ನು ಬದಲಾಯಿಸಿ. ನೆಟ್ ಪೆಟ್ಟಿಗೆಗೆ ಬೇರೆಯೇ ಸಣ್ಣ 12 ವೋಲ್ಟಿನ ಯುಪಿಎಸ್ ಸಿಗುತ್ತದೆ. ಕರೆಂಟು ಹೋಗಿ ಇನ್ವರ್ಟರಿಗೆ ಬದಲಾಗುವ ಕ್ಷಣದಲ್ಲಿ ಪೆಟ್ಟಿಗೆ ಆರಿ ಹೊತ್ತಿದರೆ ಮೀಟಿಂಗಿನಿಂದ ಹೊರಗೆ ಬೀಳುತ್ತೀರಿ. ಇದು ಅದನ್ನು ತಪ್ಪಿಸುತ್ತದೆ.

ಬಿಲ್ಲಿನ ವಿಷಯ. ಬೆಂಗಳೂರಲ್ಲಿ ತಿಂಗಳಿಗೊಮ್ಮೆ ಬರುತ್ತಿತ್ತು, ಇಲ್ಲಿ ಕೆಎಸ್‌ಇಬಿಯದ್ದು ಮನೆಗಳಿಗೆ ಎರಡು ತಿಂಗಳಿಗೊಮ್ಮೆ. ತಿಂಗಳಿಗೆ 250 ಯೂನಿಟ್‌ವರೆಗೆ, ಅಂದರೆ ಒಂದು ಬಿಲ್ಲಿಗೆ 500, ಮೆಟ್ಟಿಲು ಮೆಟ್ಟಿಲಾಗಿ ದರ. ಅದನ್ನು ದಾಟಿದಿರೋ, ಮೊದಲ ಯೂನಿಟ್‌ನಿಂದಲೇ ಎಲ್ಲದಕ್ಕೂ ಒಂದೇ ಮೇಲಿನ ದರ. ಹಗಲಿಡೀ ಎಸಿ ಹಾಕಿ ಕೂತರೆ ಮಾರ್ಚ್–ಏಪ್ರಿಲ್ ಬಿಲ್ಲಿನಲ್ಲಿ ಗೊತ್ತಾಗುತ್ತದೆ. ಅಪ್ಪನ ಹೆಸರಿನ ಮೀಟರ್ ಆದರೆ ಬಿಲ್ ನೀವೇ ತೆಗೆದುಕೊಳ್ಳಿ, ಅವರ ಕೈಗೆ ಕೊಡಬೇಡಿ.

ತಲಪಾಡಿ_ದಾಟಿದವ

ಎಲ್ಲರೂ ಫ್ಯಾನು, ಫೈಬರ್ ಅಂತ ಹೇಳುತ್ತಿದ್ದೀರಿ. ನಾನು ಉಪ್ಪಳದವ, ಈಗ ಮಂಗಳೂರಿನ ಹತ್ತಿರ ತೊಕ್ಕೊಟ್ಟಿನಲ್ಲಿ ಇದ್ದೇನೆ. ಯಾಕೆ ಗಡಿ ದಾಟಿ ಬಂದೆ ಅಂತ ಹೇಳುತ್ತೇನೆ.

2020ರ ಮಾರ್ಚ್ ಕೊನೆಗೆ ಕರ್ನಾಟಕ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿದರು. ಆಸ್ಪತ್ರೆಗೆ ಅಂತ ಅಷ್ಟು ವರ್ಷ ಮಂಗಳೂರಿಗೇ ಹೋಗುತ್ತಿದ್ದ ಜನ ಗಡಿಯ ತಲಪಾಡಿಯಲ್ಲಿ ನಿಂತರು. ಡಯಾಲಿಸಿಸ್‌ನವರು, ಹೃದಯದ ಕಾಯಿಲೆಯವರು. ದಾಟಲಾಗದೆ ಸತ್ತವರಿದ್ದಾರೆ. ಕೇರಳ ಹೈಕೋರ್ಟಿಗೆ ಹೋಯಿತು, ಸುಪ್ರೀಂ ಕೋರ್ಟಿಗೂ ಹೋಯಿತು. ಆ ಹೊತ್ತಿನಲ್ಲಿ ನಮ್ಮ ಮನೆಯಲ್ಲೂ ವಾರಕ್ಕೆ ಎರಡು ಸಲ ದೇರಳಕಟ್ಟೆಯ ಆಸ್ಪತ್ರೆಗೆ ಹೋಗಬೇಕಾದವರು ಇದ್ದರು. ನೂರು ಸಲ ದಾಟಿದ ಆ ರಸ್ತೆಯಲ್ಲಿ ನಮ್ಮದು ಬೇರೆ ರಾಜ್ಯ ಅಂತ ನನಗೆ ಆವತ್ತೇ ಹೊಕ್ಕಿದ್ದು.

ನಿಮ್ಮ ಅಪ್ಪ ಅಮ್ಮನಿಗೆ ವಯಸ್ಸಾಗುತ್ತಿದೆ. ಮಂಗಳೂರಿಗೆ ಬನ್ನಿ, ಅವರನ್ನೂ ಕರೆದುಕೊಂಡು ಬನ್ನಿ.

ಬೈಲು_ಬದಿ

ತಲಪಾಡಿ ಅಣ್ಣ ಹೇಳಿದ್ದು ಸುಳ್ಳಲ್ಲ, ಆ ದಿನಗಳನ್ನು ನಾವೂ ಕಂಡಿದ್ದೇವೆ. ಆದರೆ ತೋಟ ಬಿಟ್ಟು ಮಂಗಳೂರಿನ ಮೂರನೇ ಮಹಡಿಗೆ ಬರುವ ಅಪ್ಪ ಯಾರ ಮನೆಯಲ್ಲಿದ್ದಾರೆ? ಕರೆದು ನೋಡಿದವರಿಗೆ ಗೊತ್ತು. ಎರಡು ದಿನ ಕೂರುತ್ತಾರೆ, ಮೂರನೇ ದಿನ "ಪಂಪು ಯಾರು ಹಾಕುತ್ತಾರೆ" ಅಂತ ಶುರು.

ಪೆರ್ಲದವರಿಗೆ ಮಂಗಳೂರೇ ಆಗಬೇಕು ಅಂತಲೂ ಇಲ್ಲ. ಚೆರ್ಕಳ–ಕಲ್ಲಡ್ಕ ರಸ್ತೆ ಅವರ ಬಾಗಿಲಲ್ಲೇ ಹೋಗುತ್ತದೆ. ಆ ಕಡೆಯವರು ಗಡಿಯ ಅಡ್ಕಸ್ಥಳ ದಾಟಿ ವಿಟ್ಲ, ಪುತ್ತೂರಿಗೆ ಹೋಗುವುದೇ ಜಾಸ್ತಿ. ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಪೆರ್ಲಕ್ಕೆ ಹತ್ತಿರವೇ, 2013ರಲ್ಲಿ ಕಲ್ಲು ಹಾಕಿದ್ದು. 2020ರಲ್ಲಿ ಕೋವಿಡ್ ಆಸ್ಪತ್ರೆ ಅಂತ ತೆರೆಯುವವರೆಗೆ ಅದು ಜಿಲ್ಲೆಯ ದೊಡ್ಡ ತಮಾಷೆಯಾಗಿತ್ತು. ದೊಡ್ಡ ಕಾಯಿಲೆ ಅಂದರೆ ಇಂದಿಗೂ ಜನರ ಬಾಯಲ್ಲಿ ಬರುವುದು ಮಂಗಳೂರೇ.

ಕಂಪನಿಯ ಆರೋಗ್ಯ ವಿಮೆ ಇದ್ದರೆ ಕ್ಯಾಶ್‌ಲೆಸ್ ಪಟ್ಟಿಯಲ್ಲಿ ಪುತ್ತೂರು, ದೇರಳಕಟ್ಟೆ, ಮಂಗಳೂರಿನ ಯಾವ ಆಸ್ಪತ್ರೆಗಳು ಇವೆ ಅಂತ ಈಗಲೇ ನೋಡಿಡಿ. ವಿಳಾಸ ಕೇರಳದ್ದು ಅಂತ ಕಣ್ಣೂರು, ಕೋಝಿಕ್ಕೋಡಿನ ಪಟ್ಟಿ ಕಳಿಸುತ್ತಾರೆ. ನಮ್ಮ ಕಾಲು ನಡೆಯುವುದು ಉತ್ತರಕ್ಕೆ ಅಂತ ಅವರಿಗೆ ಎಂತ ಗೊತ್ತು?

ಚಂದ್ರಗಿರಿ_ದಡ

ನಾನು ವಿದ್ಯಾನಗರದಲ್ಲಿ ಬಾಡಿಗೆಗೆ ಇದ್ದೇನೆ. ಮೆಡಿಕಲ್ ಕೋಡಿಂಗ್ ಕೆಲಸ, ಮನೆಯಿಂದಲೇ. ನನ್ನ ಗಂಡನ ಮನೆ ಬದಿಯಡ್ಕದಿಂದ ಒಳಗೆ, ದೊಡ್ಡ ಮನೆ, ಎಂಟು ಕೋಣೆ. ಆದರೂ ನಾವು ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಯಾಕೆ ಇದ್ದೇವೆ ಅಂತ ಕೇಳುವವರಿಗೆ ಇಷ್ಟು ದಿನ ನೆಟ್ ಸರಿ ಇಲ್ಲ ಅಂತ ಹೇಳುತ್ತಿದ್ದೆ. ನೆಟ್ ಚೆನ್ನಾಗಿಯೇ ಇತ್ತು.

ಸೀತಾಂಗೋಳಿಯವರು ಅಪ್ಪ ಕರೆಯುವ ಕತೆ ಹೇಳಿದರು. ಗಂಡಸರು ಕೋಣೆಯಲ್ಲಿ ಬಾಗಿಲು ಹಾಕಿಕೊಂಡರೆ "ಅವನಿಗೆ ಆಫೀಸು" ಅಂತ ಮನೆಯವರು ದನಿ ತಗ್ಗಿಸುತ್ತಾರೆ. ನಾನು ಹಾಕಿಕೊಂಡರೆ "ಹುಷಾರಿಲ್ಲವಾ?" ಅಂತ ತಟ್ಟುತ್ತಾರೆ. ಅತ್ತೆ ಕೆಟ್ಟವರಲ್ಲ. ಮಧ್ಯಾಹ್ನ ನೆಂಟರು ಬಂದರೆ ಅವರೇ ಚಹಾ ಮಾಡುತ್ತಾರೆ. ಆದರೆ ಬಂದವರು ಹೋಗುವವರೆಗೆ "ಸೊಸೆ ಎಲ್ಲಿ" ಅಂತ ಕೇಳುತ್ತಾ ಇರುತ್ತಾರೆ, ಅತ್ತೆ ಉತ್ತರ ಕೊಡುತ್ತಾ ಇರುತ್ತಾರೆ. ಕೊನೆಗೆ ನಾನೇ ಎದ್ದು ಹೋಗಿ ಮಾತಾಡಿಸಿ ಬರುವುದು ಸುಲಭ ಅನಿಸುತ್ತದೆ. ನನ್ನ ಕೆಲಸದಲ್ಲಿ ಗಂಟೆಗೆ ಇಷ್ಟು ಚಾರ್ಟ್ (ರೋಗಿಯ ದಾಖಲೆ) ಅಂತ ಲೆಕ್ಕ ಉಂಟು, ತಪ್ಪಿನದ್ದೂ ಲೆಕ್ಕ ಉಂಟು. ತಿಂಗಳ ಕೊನೆಗೆ ಅದು ಸಂಬಳದಲ್ಲಿ ಕಾಣುತ್ತದೆ, ನೆಂಟರಿಗೆ ಕಾಣುವುದಿಲ್ಲ.

ಪೆರ್ಲದವರೇ, ನಿಮ್ಮ ಪ್ರಶ್ನೆಯಲ್ಲಿ ನಿಮ್ಮ ಕೆಲಸದ ಬಗ್ಗೆ ನಾಲ್ಕು ಸಾಲು ಉಂಟು. ನಿಮ್ಮ ಹೆಂಡತಿ ಎಲ್ಲಿ ಕೂರುತ್ತಾರೆ ಅಂತ ಒಂದು ಸಾಲೂ ಇಲ್ಲ. ಅನುವಾದ ಬಿಡಿಬಿಡಿಯಾಗಿ ಮಾಡುವ ಕೆಲಸ ಅಲ್ಲ. ಮೊದಲು ಅವರನ್ನು ಕೇಳಿ.

ಪೇಟೆಯ ಬಗ್ಗೆಯೂ ಹೇಳುತ್ತೇನೆ. ವಿದ್ಯಾನಗರದಲ್ಲಿ ಕಲೆಕ್ಟರೇಟ್ ಇರುವುದರಿಂದ ಕರೆಂಟು ಅಷ್ಟು ಹೊತ್ತು ಹೋಗುವುದಿಲ್ಲ, ಹೋದರೂ ಬೇಗ ಬರುತ್ತದೆ. ಆದರೆ ಮನೆ ಬಿಟ್ಟು ಬೇರೆ ಕಡೆ ಕೂತು ಕೆಲಸ ಮಾಡೋಣ ಅಂದರೆ ಜಾಗ ಇಲ್ಲ. ಹೋಟೆಲಿನಲ್ಲಿ ಒಂದು ಸುಲೈಮಾನಿ ಕುಡಿದು ಎರಡು ಗಂಟೆ ಕೂರುವ ಊರಲ್ಲ ಇದು, ಹೆಂಗಸರಂತೂ ಕೂರುವುದೇ ಇಲ್ಲ. ರಾತ್ರಿ ಒಂಬತ್ತಕ್ಕೆ ಪೇಟೆ ಮುಚ್ಚುತ್ತದೆ. ಸಿನಿಮಾ, ಪುಸ್ತಕದಂಗಡಿ, ಒಳ್ಳೇ ಕಾಫಿ ಬೇಕು ಅಂತ ಇದ್ದರೆ ಮಂಗಳೂರಿಗೆ ಬಸ್ಸು ಹತ್ತಬೇಕು. ನನಗೆ ಅದರಿಂದ ಬೇಸರ ಇಲ್ಲ. ಕೆಲವರಿಗೆ ಆರು ತಿಂಗಳಲ್ಲಿ ತಲೆ ಕೆಡುತ್ತದೆ.

ಪೆರ್ಲದವ

ಅಕ್ಕ, ನೀವು ಬರೆದದ್ದನ್ನು ಅವಳಿಗೆ ಓದಲು ಕೊಟ್ಟೆ. ಓದಿ ಫೋನ್ ವಾಪಸು ಕೊಡಲಿಲ್ಲ.

ಉಪ್ಪಳ_ಮಾಸ್ತರು

ಮಗುವಿನ ಶಾಲೆಯ ವಿಷಯ ಯಾರೂ ಎತ್ತಲಿಲ್ಲ. ನಾನು ನಿವೃತ್ತ ಅಧ್ಯಾಪಕ, ಕನ್ನಡ ಮಾಧ್ಯಮದಲ್ಲೇ ಕಲಿಸಿದವನು.

ಕಾಸರಗೋಡು, ಮಂಜೇಶ್ವರ ತಾಲೂಕಿನಲ್ಲಿ ಕೇರಳ ಪಠ್ಯಕ್ರಮದ ಕನ್ನಡ ಮಾಧ್ಯಮ ಶಾಲೆಗಳು ಇವೆ, ಪಾಠಪುಸ್ತಕವೂ ಕನ್ನಡದಲ್ಲೇ. ಪೆರ್ಲ, ಬದಿಯಡ್ಕದ ಕಡೆ ಹಾಗೆ ಓದಿಸುವುದು ಕಷ್ಟವಲ್ಲ. ಕಾಸರಗೋಡು ಪೇಟೆಯಲ್ಲಿ ಇಂಗ್ಲಿಷ್ ಮಾಧ್ಯಮದ ಸಿಬಿಎಸ್‌ಇ ಶಾಲೆಗೆ ಹಾಕುವವರೇ ಹೆಚ್ಚು, ಅಲ್ಲಿ ಕನ್ನಡ ಒಂದು ವಿಷಯವಾಗಿ ಸಿಗುತ್ತದೋ ಇಲ್ಲವೋ ಶಾಲೆಗೊಂದು ರೀತಿ. ಸೇರಿಸುವ ಮೊದಲು ಕೇಳಿ, ಸೇರಿಸಿದ ಮೇಲೆ ಕೇಳಬೇಡಿ.

2017ರಲ್ಲಿ ಮಲಯಾಳ ಕಡ್ಡಾಯದ ಕಾನೂನು ಬಂದಾಗ ಇಲ್ಲಿ ದೊಡ್ಡ ಪ್ರತಿಭಟನೆ ಆಯಿತು. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಶಾಲೆಗೆ ಹಾಕಿದ್ದಕ್ಕೂ ಮಕ್ಕಳು ತರಗತಿ ಬಿಟ್ಟು ಹೊರಗೆ ಕೂತದ್ದು ಉಂಟು. ಆ ಜಗಳ ಮುಗಿದಿಲ್ಲ. ಹಾಗೆಂದು ಮಗುವಿಗೆ ಮಲಯಾಳ ಬೇಡ ಅನ್ನುವವನು ನಾನಲ್ಲ. ಪಕ್ಕದ ಮನೆಯ ಮಕ್ಕಳ ಜೊತೆ ಆಡಿದರೆ ಒಂದು ರಜೆಯಲ್ಲಿ ಕಲಿಯುತ್ತದೆ, ಜೊತೆಗೆ ತುಳುವೂ ಬ್ಯಾರಿಯೂ ಬರುತ್ತದೆ. ಶಾಲೆಯ ಭಾಷೆ ಯಾವುದು ಅನ್ನುವುದು ಬೇರೆ ಮಾತು.

ಬೆಂಗಳೂರಿನವರಿಗೆ ಒಂದು ಭಯ ಇರುತ್ತದೆ: ಕೇರಳದಲ್ಲಿ ಓದಿದರೆ ಮುಂದೆ ಕರ್ನಾಟಕದ ಸಿಇಟಿಗೆ ಬಾಗಿಲು ಮುಚ್ಚುತ್ತದೆ ಅಂತ. ಹಾಗಿಲ್ಲ. ಗಡಿನಾಡು ಕನ್ನಡಿಗರು ಅಂತ ಅರ್ಹತೆಯ ಒಂದು ವಿಭಾಗವೇ ಇದೆ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕು, ಆಚೆ ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಎಲ್ಲ ಅದರಲ್ಲಿ ಬರುತ್ತವೆ. ಮಾತೃಭಾಷೆ ಕನ್ನಡ ಮಾತ್ರವಲ್ಲ, ತುಳು, ಕೊಡವ, ಬ್ಯಾರಿ ಆದರೂ ಆಗುತ್ತದೆ. ಒಂದು ಕನ್ನಡ ಪರೀಕ್ಷೆ ಬರೆಯಿಸುತ್ತಾರೆ. ಅದಕ್ಕೆ ವಾಸದ ದಾಖಲೆ, ಓದಿದ ದಾಖಲೆ ಬೇಕು. ಮಗುವಿನ ಕಾಗದಪತ್ರವೆಲ್ಲ ಒಂದೇ ವಿಳಾಸದಲ್ಲಿ ಸರಿಯಾಗಿ ಇರಲಿ. ಅರ್ಧ ಬೆಂಗಳೂರು, ಅರ್ಧ ಪೆರ್ಲ ಮಾಡಿಕೊಂಡರೆ ಮುಂದೆ ವಿಲೇಜ್ ಆಫೀಸಿಗೂ ಸರ್ಕಾರಿ ಅರ್ಜಿ ಹಾಕುವ ಅಕ್ಷಯ ಕೇಂದ್ರಕ್ಕೂ ಅಲೆಯಬೇಕು.

ಹೊಸೂರು_ಬಸ್

ನಡುವೆ ಬಾಯಿ ಹಾಕುತ್ತೇನೆ. ನಮ್ಮದು ಹೊಸೂರು, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ತೆಲುಗು. ನಮ್ಮಲ್ಲಿ ಮನೆಯಿಂದ ಕೆಲಸ ಅಂದರೂ ಅರ್ಧ ಜನಕ್ಕೆ ಅತ್ತಿಬೆಲೆ ದಾಟಿದರೆ ಎಲೆಕ್ಟ್ರಾನಿಕ್ ಸಿಟಿ. ಮ್ಯಾನೇಜರ್ ನಾಳೆ ಬಾ ಅಂದರೆ ನಾಳೆ ಹೋಗುತ್ತೇವೆ. ನಿಮಗೆ ನಡುವೆ ಘಾಟಿ ಇದೆ. ಕರೆದಾಗ ಹೇಗೆ ಹೋಗುತ್ತೀರಿ?

ಬೈಲು_ಬದಿ

ರಾತ್ರಿ ರೈಲು ಉಂಟು, ಕಣ್ಣೂರು–ಬೆಂಗಳೂರು, ಮಂಗಳೂರು ಮೇಲಾಗಿ. ಕಾಸರಗೋಡಿನಲ್ಲಿ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಮಳೆಗಾಲದಲ್ಲಿ ಮಾತ್ರ ನಂಬಿ ಕೂರಬಾರದು. 2024ರ ಜುಲೈ ಕೊನೆಗೆ ಎಡಕುಮೇರಿ–ಕಡಗರವಳ್ಳಿ ನಡುವೆ ಗುಡ್ಡ ಜರಿದು ಎಷ್ಟೋ ದಿನ ಆ ದಾರಿಯ ರೈಲೇ ಇರಲಿಲ್ಲ. ಅದೇ ಹೊತ್ತಿಗೆ ಶಿರಾಡಿ ರಸ್ತೆಯೂ ಕೈಕೊಡುತ್ತದೆ. ಕಂಪನಿಯವರಲ್ಲಿ ಮೊದಲೇ ಹೇಳಿಡಿ, ಆಫೀಸಿಗೆ ಕರೆಯುವುದಿದ್ದರೆ ಜೂನ್‌ನಿಂದ ಆಗಸ್ಟ್‌ವರೆಗೆ ಬೇಡ ಅಂತ. ವಿಮಾನಕ್ಕೆ ಮಂಗಳೂರಿನ ಬಜ್ಪೆಯೇ ಹತ್ತಿರ. ಕಾಸರಗೋಡಿನ ದಕ್ಷಿಣದವರಿಗೆ 2018ರಿಂದ ಕಣ್ಣೂರೂ ಆಗುತ್ತದೆ.

ಇನ್ನೊಂದು ಮಜಾ ಹೇಳಲಾ? ನವೆಂಬರ್ 1ಕ್ಕೆ ಬೆಂಗಳೂರು ಕಂಪನಿಯವರಿಗೆ ರಾಜ್ಯೋತ್ಸವದ ರಜೆ. ಇಲ್ಲಿ ಅದೇ ದಿನ ಕೇರಳ ಪಿರವಿ, ಅಂದರೆ ಕೇರಳ ರಾಜ್ಯ ಹುಟ್ಟಿದ ದಿನ, ಆದರೆ ಮಗುವಿಗೆ ಶಾಲೆ ಉಂಟು. ಓಣಂಗೆ ಮಗು ಹತ್ತು ದಿನ ಮನೆಯಲ್ಲಿ, ನಿಮಗೆ ಒಂದು ದಿನವೂ ಇಲ್ಲ. ಮಳೆಗೆ ಕಲೆಕ್ಟರು ರಜೆ ಕೊಟ್ಟರು ಅಂದರೆ ಆವತ್ತಿನ ಮೀಟಿಂಗಿನಲ್ಲಿ ನಿಮ್ಮ ಹಿಂದೆ ಒಂದು ಮಗು ಓಡಾಡುವುದು ಗ್ಯಾರಂಟಿ. ಹರತಾಳ ಒಂದರಲ್ಲಿ ಮಾತ್ರ ನಮಗೆ ನಷ್ಟ ಇಲ್ಲ, ಊರೆಲ್ಲ ಬಂದ್ ಆದರೂ ಲಾಗಿನ್ ಆಗಲೇಬೇಕು.

ಲೆಕ್ಕದ_ಪುಸ್ತಕ

ಹಣದ ವಿಷಯಕ್ಕೆ ಬರುತ್ತೇನೆ, ಇಲ್ಲಿ ಗೊಂದಲ ಜಾಸ್ತಿ.

ನಿಮ್ಮ ಹೆಂಡತಿ ಪೆರ್ಲದಲ್ಲಿ ಕೂತು ಬೆಂಗಳೂರಿನವರಿಗೆ ಬಿಲ್ ಹಾಕಿದರೆ ಅದು ಅಂತರರಾಜ್ಯ ಸೇವೆ. ಅಂತರರಾಜ್ಯ ಅಂದ ಕೂಡಲೇ ಜಿಎಸ್‌ಟಿ ನೋಂದಣಿ ಕಡ್ಡಾಯ ಅಂತ ಹೆದರಿಸುವವರಿದ್ದಾರೆ. ಆ ನಿಯಮ ಈಗ ಇರುವುದು ಸರಕಿಗೆ. ಸೇವೆಗೆ 2017ರ ಅಕ್ಟೋಬರಿನಲ್ಲೇ ವಿನಾಯಿತಿ ಕೊಟ್ಟಿದ್ದಾರೆ. ವರ್ಷದ ಒಟ್ಟು ವಹಿವಾಟು 20 ಲಕ್ಷ ದಾಟುವವರೆಗೆ ನೋಂದಣಿ ಬೇಡ. ದಾಟಿದರೆ ಕೇರಳದ ನೋಂದಣಿ ಆಗಬೇಕು, 32ರಿಂದ ಶುರುವಾಗುವ ನಂಬರು. ಬೆಂಗಳೂರಿನ ಹಳೇ ಬಾಡಿಗೆ ಮನೆಯ ವಿಳಾಸದಲ್ಲಿ ಈಗಾಗಲೇ 29ರ ನಂಬರು ಇದ್ದರೆ ವಿಳಾಸ ತಿದ್ದಿಸಿದರೆ ಆಗುವುದಿಲ್ಲ, ರಾಜ್ಯ ಬದಲಾದರೆ ಹೊಸತೇ ಬೇಕು.

ವೃತ್ತಿ ತೆರಿಗೆ. ಸಂವಿಧಾನದ ಪ್ರಕಾರವೇ ಇದು ವರ್ಷಕ್ಕೆ 2500 ರೂಪಾಯಿ ಮೀರಬಾರದು. ಕರ್ನಾಟಕದಲ್ಲಿ ರಾಜ್ಯ ಸರ್ಕಾರ ತಿಂಗಳು ತಿಂಗಳು ಹಿಡಿಯುತ್ತದೆ, ಕೇರಳದಲ್ಲಿ ಪಂಚಾಯತು ಅಥವಾ ನಗರಸಭೆ ಆರು ತಿಂಗಳಿಗೊಮ್ಮೆ. ಕಂಪನಿ ಬೆಂಗಳೂರಿನ ಲೆಕ್ಕದಲ್ಲಿ ಹಿಡಿಯುತ್ತಿದ್ದರೆ ಸಂಬಳದ ಚೀಟಿ ತೆಗೆದಿಡಿ, ಪಂಚಾಯತಿನವರು ಕೇಳಿದರೆ ತೋರಿಸಲಿಕ್ಕೆ. ದೊಡ್ಡ ಮೊತ್ತವೇನಲ್ಲ, ಸುಮ್ನೆ ಓಡಾಟ ತಪ್ಪುತ್ತದೆ.

ಕಾರು ಕರ್ನಾಟಕದ್ದಾ? 12 ತಿಂಗಳಿಗಿಂತ ಜಾಸ್ತಿ ಇಲ್ಲೇ ಇಟ್ಟುಕೊಂಡರೆ ಕಾಸರಗೋಡಿನ ನಂಬರು, ಕೆಎಲ್ 14, ಮಾಡಿಸಬೇಕು. ನಮ್ಮ ಕಡೆ ಕೆಎ 19, ಕೆಎ 21 ಗಾಡಿಗಳು ವರ್ಷಗಟ್ಟಲೆ ಓಡುತ್ತವೆ, ಯಾರೂ ಕೇಳುವುದಿಲ್ಲ ಅಂತ ಅನಿಸುತ್ತದೆ. ಕೇಳುವ ದಿನ ತೆರಿಗೆ, ದಂಡ ಎರಡೂ ಒಟ್ಟಿಗೆ ಕೇಳುತ್ತಾರೆ.

ಪೆರ್ಲದವ

ಎಲ್ಲ ಓದಿದ ಮೇಲೆ ಮಂಗಳೂರು ಬಿಟ್ಟೆ. ಅಪ್ಪ ಅಮ್ಮ ಬರುವುದಿಲ್ಲ, ನಾವು ಮಾತ್ರ ಅಲ್ಲಿದ್ದರೆ ಬೆಂಗಳೂರಿನಲ್ಲಿ ಇದ್ದುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಪೇಟೆ ಅಥವಾ ತೋಟದ ಮನೆ. ಮಾಸ್ತರು ಹೇಳಿದ ಶಾಲೆಯ ಲೆಕ್ಕಕ್ಕೆ ಪೆರ್ಲವೇ ವಾಸಿ. ಚಂದ್ರಗಿರಿ ಅಕ್ಕ ಹೇಳಿದ ಬಾಗಿಲಿನ ಲೆಕ್ಕಕ್ಕೆ ಪೇಟೆ.

ಸೀತಾಂಗೋಳಿ

ನಡುವೆ ಒಂದು ದಾರಿ ಉಂಟು, ನಾನು ಈಗ ಅದನ್ನೇ ಮಾಡುತ್ತಿರುವುದು. ಮನೆ ತೋಟದಲ್ಲಿ, ಕೆಲಸ ಪೇಟೆಯಲ್ಲಿ. ಪೆರ್ಲ ಪೇಟೆಯಲ್ಲಿ ಅಂಗಡಿ ಕಟ್ಟಡದ ಮಹಡಿಯ ಕೋಣೆಗಳು ಖಾಲಿ ಇರುತ್ತವೆ. ಮೊದಲು ಟ್ಯುಟೋರಿಯಲ್, ಟೈಪಿಂಗ್ ಕ್ಲಾಸು ಇದ್ದ ಜಾಗಗಳು. ಒಂದು ಮೇಜು, ಎರಡು ಕುರ್ಚಿ, ಒಂದು ಇನ್ವರ್ಟರ್ ಹಾಕಿ. ಬೆಳಿಗ್ಗೆ ಬ್ಯಾಗು ಹಾಕಿಕೊಂಡು ಹೊರಟರೆ ಅಪ್ಪನ ಕಣ್ಣಿಗೆ ನೀವು ಕೆಲಸಕ್ಕೆ ಹೋದಿರಿ. ನೂಲು ಅಣ್ಣ ಹೇಳಿದ ಪೇಟೆ ಮೊದಲು, ಗುಡ್ಡ ಕೊನೆ ಅನ್ನುವ ಪಟ್ಟಿಯಲ್ಲೂ ನೀವು ಮೇಲೆ ಬರುತ್ತೀರಿ. ಅಂಗಡಿ ಕೋಣೆಯ ಕರೆಂಟು ಮನೆಯ ದರದಲ್ಲಿ ಬರುವುದಿಲ್ಲ, ಅದೊಂದನ್ನು ಬಾಡಿಗೆಗೆ ಸೇರಿಸಿ ಲೆಕ್ಕ ಹಾಕಿ.

ತಲಪಾಡಿ_ದಾಟಿದವ

ಆಗಬಹುದು. ರಾತ್ರಿ ಹೊತ್ತು ಪುತ್ತೂರಿಗೆ ಹೋಗಲು ಬರುವ ಎರಡು ಗಾಡಿಯವರ ನಂಬರು ಮಾತ್ರ ಅಡುಗೆಮನೆಯ ಗೋಡೆಯಲ್ಲಿ ಬರೆದಿಡಿ. ಫೋನಿನಲ್ಲಿ ಇದ್ದರೆ ಅಮ್ಮನಿಗೆ ಸಿಗುವುದಿಲ್ಲ.

ಪದದ_ಲೆಕ್ಕ

ನಾನು ಪೆರ್ಲದವರ ಹೆಂಡತಿ. ಈ ಚರ್ಚೆಗಾಗಿಯೇ ಹೊಸ ಖಾತೆ ತೆರೆದೆ, ಇಲ್ಲದಿದ್ದರೆ ನನ್ನ ಪರವಾಗಿ ಎಲ್ಲರೂ ತೀರ್ಮಾನ ಮಾಡಿ ಮುಗಿಸುತ್ತಿದ್ದಿರಿ.

ಚಂದ್ರಗಿರಿಯವರಿಗೆ ನಮಸ್ಕಾರ. ತೋಟದ ಮನೆ ನನಗೂ ಇಷ್ಟ. ಅತ್ತೆ ಮಾವನ ಜೊತೆ ಇರುವುದಕ್ಕೂ ಬೇಸರ ಇಲ್ಲ. ಸೀತಾಂಗೋಳಿಯವರು ಹೇಳಿದ ಮಹಡಿ ಕೋಣೆ ಚೆನ್ನಾಗಿದೆ, ಅದು ನನಗೆ ಬೇಕು. ಇವರಿಗೆ ಮೀಟಿಂಗ್ ದಿನಕ್ಕೆ ಎರಡೋ ಮೂರೋ, ಉಳಿದ ಹೊತ್ತು ಟೆಸ್ಟ್ ಓಡುತ್ತಾ ಇರುತ್ತದೆ, ನಡುವೆ ಎದ್ದು ಪಂಪು ಹಾಕಿ ಬರಬಹುದು. ಮದ್ದು ಬಿಡುವವರು ಬಂದ ದಿನ ರಜೆ ಹಾಕಲಿ, ಅವರ ತೋಟವೇ ಅಲ್ವಾ. ನನಗೆ ಮೂರು ಗಂಟೆ ಯಾರೂ ಮಾತಾಡಿಸದೆ ಇದ್ದರೆ ಎರಡು ಸಾವಿರ ಪದ ಆಗುತ್ತದೆ. ಹತ್ತು ಸಲ ಎದ್ದರೆ ಇಡೀ ದಿನಕ್ಕೂ ಆಗುವುದಿಲ್ಲ.

ಮಗಳನ್ನು ಶಾಲೆಗೆ ಬಿಟ್ಟು ನಾನು ಕೋಣೆಗೆ ಹೋಗುತ್ತೇನೆ, ಸಂಜೆ ಕರೆದುಕೊಂಡು ಬರುತ್ತೇನೆ. ಮಳೆಯ ರಜೆಗೆ ಮಗಳು ಅಪ್ಪನ ಪಾಲು. ಕೋಣೆ ನೋಡಲು ಬರುವ ಭಾನುವಾರ ಹೋಗುತ್ತಿದ್ದೇವೆ. ಮುಂಗಡ ಕೊಡುವ ಮೊದಲು ಏನು ನೋಡಬೇಕು?

ಪೆರ್ಲದವ

ನನ್ನನ್ನು ಯಾರೂ ಕೇಳಲಿಲ್ಲ ಅನ್ನುವುದು ದಾಖಲಾಗಲಿ.

ನೂಲು_ನೆಟ್

ಪದದ ಅಕ್ಕ, ಮೂರು ಕಂಪನಿಯ ಸಿಮ್ ತೆಗೆದುಕೊಂಡು ಹೋಗಿ ಕಿಟಕಿಯ ಹತ್ತಿರವೂ ಒಳಗೂ ವೇಗ ನೋಡಿ. ಅಡ್ಕಸ್ಥಳದ ಕಡೆ ಹೋದಂತೆ ಕೆಲವು ಫೋನು ಕರ್ನಾಟಕದ ಟವರ್ ಹಿಡಿಯುತ್ತವೆ. ಈಗ ರೋಮಿಂಗಿಗೆ ಹಣ ಇಲ್ಲ, ಆದರೆ ಎರಡು ಟವರಿನ ನಡುವೆ ಫೋನು ಜಿಗಿಯುತ್ತಾ ಇದ್ದರೆ ಕರೆ ಕಡಿಯುತ್ತದೆ. ಕಟ್ಟಡಕ್ಕೆ ಫೈಬರ್ ಈಗಾಗಲೇ ಬಂದಿದೆಯಾ, ಯಾರದ್ದು ಅಂತ ಕೆಳಗಿನ ಅಂಗಡಿಯವರಲ್ಲಿ ಕೇಳಿ. ಮಾಲೀಕರು ಎಲ್ಲದಕ್ಕೂ ಉಂಟು ಅನ್ನುತ್ತಾರೆ. ಮೀಟರ್ ನಿಮ್ಮ ಕೋಣೆಗೆ ಬೇರೆಯಾ, ಇಡೀ ಮಹಡಿಗೆ ಒಂದೇನಾ ಅದನ್ನೂ ನೋಡಿ.

ಮುಳ್ಳೇರಿಯ_ಮಳೆ

ಮೇಲೆ ತಗಡಾ, ತಾರಸಿಯಾ? ತಗಡಾದರೆ ಜೂನ್‌ನಲ್ಲಿ ಫೋನಲ್ಲಿ ಮಾತಾಡಲು ಆಗುವುದಿಲ್ಲ, ಮಳೆಯ ಸದ್ದಿಗೆ ನಿಮ್ಮ ದನಿ ನಿಮಗೇ ಕೇಳುವುದಿಲ್ಲ. ಏಪ್ರಿಲ್‌ನಲ್ಲಿ ಕೂರಲೂ ಆಗುವುದಿಲ್ಲ.

ಚಂದ್ರಗಿರಿ_ದಡ

ಶೌಚಾಲಯ ನೋಡಿ. ಉಂಟು ಅಂತ ಹೇಳುತ್ತಾರೆ, ಇರುವುದೂ ಹೌದು, ಬೀಗದ ಕೈ ಮಾತ್ರ ಕೆಳಗಿನ ಅಂಗಡಿಯವನ ಹತ್ತಿರ ಇರುತ್ತದೆ. ಅವನು ಮಧ್ಯಾಹ್ನ ಊಟಕ್ಕೆ ಶಟರ್ ಎಳೆದು ಹೋಗುತ್ತಾನೆ. ನಿಮಗೇ ಬೇರೆ ಕೈ ಮಾಡಿಸಿಕೊಟ್ಟರೆ ಮಾತ್ರ ಮುಂಗಡ ಕೊಡಿ. ಮೆಟ್ಟಿಲಿನಲ್ಲಿ ಸಂಜೆ ದೀಪ ಉಂಟಾ ಅಂತಲೂ ನೋಡಿಕೊಳ್ಳಿ.